ನಟ್ಟನಡುವಿನ ಲೋಡು

ಊರಿಗೆ ಮೈಕು ಹೊಸದಾಗಿ ಬಂದ ಕಾಲ. ಮಾಳಮಡ್ಡಿಯ ಪೆಂಡಾಲಿನ್ಯಾಗ ವೇದಿಕಿ ಎಡಕ್ಕೊಂದು ಬಲಕ್ಕೊಂದು ದನಿ ದೊಡ್ಡದು ಮಾಡೋ ಭೋಂಗಾ ಕಟ್ಟಿದ್ರು. ರೂಢಿಯಂಗ ನಮ್ಮ ಗುರುಗಳಿಗೆ ಕೇಳೋರ ಮುಂದಿನ ಸಾಲಿನ್ಯಾಗ ನಟ್ಟನಡುವ ಲೋಡು ಹಾಕಿದ್ರು. ನಾ ಹಾಡಿ ಇಳಿದಕೂಡ್ಲೇ ಎಲ್ಲಾರ ಮುಂದ ಅಂದ್ರು: "ನಿನ್ನ ಧ್ವನ್ಯಾಗ ದಮ್ಮಿಲ್ಲ. ಇಲ್ಲೇ ಕೂತು ಕೇಳು, ಹಾಡೋದಂದ್ರ ಏನಂತ."

ಅವರು ವೇದಿಕಿ ಹತ್ತಿ ಹಾಡಾಕತ್ರು. ಲೋಡಿನ ಬಾಜೂಕ ಕೂತೆ. ಸೊಳ್ಳಿ ಗುಂಯ್‌ಗುಟ್ಟಿದಂಗ ಕೇಳ್ತು! ಎದ್ದು ಅತ್ತಾಗ ಸರದ್ರ ಗುಡುಗು. ಮೈಕಿನಾಂವನ್ನ ಕೇಳಿದೆ.

"ಒಂದು ಭೋಂಗಾದ ತಂತಿ ತಪ್ಪಿ ಉಲ್ಟಾ ಜೋಡಿಸೇನ್ರಿ. ನಡುವ ಎರಡೂ ದನಿ ಒಂದನ್ನೊಂದು ಕೊಲ್ತಾವು."

ಗುರುಗಳಿಗೆ ಹೇಳಿದೆ, "ಲೋಡಿನ ಬಾಜೂಕ ನಿಮ್ಮ ಧ್ವನಿನೂ ಕೇಳಸಲಿಲ್ರಿ."

"ಹಂಗಾರ ನಿನಗ ಕಿವಿನೂ ಇಲ್ಲ!" ಅಂದ್ರು.

ಹಾಡೋದು ಬಿಟ್ಟು ಸರಕಾರಿ ಆಫೀಸಿನ್ಯಾಗ ಕಾರಕೂನ ಆದೆ. ಅಲ್ಲಿ ಧ್ವನಿ, ಕಿವಿ ಎರಡೂ ಇಲ್ಲದಾಂವಗ ಲಗೂ ಬಡ್ತಿ.