ನಾನು ಒತ್ತಲು ಕಲಿಸಿದ ಗುಂಡಿ

ಡಾಟ್‌ಕಾಮ್ ವರ್ಷಗಳಲ್ಲಿ ಎಲ್ಲಿ ನೋಡಿದರೂ ಹೊಸ ಆಫೀಸುಗಳು. ಪರದೇಶಕ್ಕೆ ಹೋಗಿ ನೆಲೆಸಿದ್ದ ನಾನೂ ನನ್ನ ಹೆಂಡತಿಯೂ ಅವುಗಳಿಗೆ ಕುಂಡದ ಗಿಡಗಳನ್ನು ಬಾಡಿಗೆಗೆ ಕೊಡುತ್ತಿದ್ದೆವು. ವಾಲ್ನಟ್ ಕ್ರೀಕ್‌ನ ಮನೆಯಿಂದ ಆ ಆಫೀಸುಗಳಿದ್ದ ಎಮರಿವಿಲ್‌ಗೆ ಗಿಡ ಸಾಗಿಸಲೆಂದು ಒಂದು ಪಿಕಪ್ ಕೊಂಡೆವು. ಅದರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇತ್ತು. ಚಕ್ರ ಜಾರಿದರೆ ಎಂಜಿನ್ನಿನ ಬಲ ತಗ್ಗಿಸಿ ಗಾಡಿಯನ್ನು ಹಿಡಿತಕ್ಕೆ ತರುವುದು ಅದರ ಕೆಲಸ. ನನಗಿದು ಗೊತ್ತಾದದ್ದು ತಡವಾಗಿ.

ಆ ವರ್ಷದ ಆಯುಧಪೂಜೆಗೆ ಗಾಡಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟೆ. ಮನೆ ಮುಂದಿನ ಇಳಿಜಾರೆಲ್ಲ ಒದ್ದೆ. ಹಣ್ಣಿನ ಮೇಲೆ ಹತ್ತಿಸಲು ಹೋದರೆ ಹಿಂದಿನ ಚಕ್ರ ಜಾರಿತು, ಎಂಜಿನ್ ಗುರುಗುಟ್ಟಿ ಸೊರಗಿತು. ಪೂಜೆ ನೋಡಲು ಬಂದಿದ್ದ, ನಮ್ಮ ಭಜನೆ ಗುಂಪಿನ ಹಾಸನದ ಸ್ನೇಹಿತರೊಬ್ಬರು "ಏನ್ ಸಾರ್, ನಿಮ್ ಗಾಡಿ ನಿಂಬೆಹಣ್ಣಿಗೇ ಹೆದರ್ತಲ್ಲ!" ಎಂದು ನಕ್ಕರು. ನನಗೆ ಅವಮಾನವಾಯಿತು. ಡ್ಯಾಶ್‌ಬೋರ್ಡಿನ ಗುಂಡಿ ಒತ್ತಿ, ಅದು ಏಕಿದೆ ಎಂದು ತಿಳಿಯದೆಯೇ ಟ್ರ್ಯಾಕ್ಷನ್ ಆರಿಸಿದೆ. ಗಾಡಿ ಒಂದೇ ಏಟಿಗೆ ಹತ್ತಿತು.

ನಾನು ಹಾಸ್ಟೆಲ್ಲಿನ ಗಂಟೆಗೆ ಎದ್ದು, ಗಂಟೆಗೆ ಮಲಗಿ ಬೆಳೆದವನು. ಒಮ್ಮೆ ಸರಿಹೋದದ್ದನ್ನು ನಿಯಮ ಮಾಡಿಬಿಡುತ್ತೇನೆ. ಎಂಜಿನ್ ಶುರು ಮಾಡಿದಾಗಲೆಲ್ಲ ಟ್ರ್ಯಾಕ್ಷನ್ ತಾನಾಗಿ ಚಾಲೂ ಆಗುತ್ತಿತ್ತು. ಹಾಗಾಗಿ ಹೆಂಡತಿಗೆ ಪಿಕಪ್ ಓಡಿಸಲು ಕಲಿಸುವಾಗ ಕ್ರಮ ಹೇಳಿಕೊಟ್ಟೆ: ಸೀಟು, ಕನ್ನಡಿ, ಬೆಲ್ಟು, ಕೀ, ಕೊನೆಗೆ ಆ ಗುಂಡಿ. ಅವಳು ಒಂದು ದಿನವೂ ತಪ್ಪಿಸಲಿಲ್ಲ.

ನವೆಂಬರಿನಲ್ಲಿ ಮೊದಲ ಮಳೆ ಬಿದ್ದ ಬೆಳಿಗ್ಗೆ ಅವಳೊಬ್ಬಳೇ ಎಮರಿವಿಲ್‌ನಲ್ಲಿ ಗಿಡ ಇಳಿಸಿ ಖಾಲಿ ಗಾಡಿಯಲ್ಲಿ ಹೊರಟಳು. ಫ್ರೀವೇಗೆ ಏರುವ ತಿರುವಿನಲ್ಲಿ ವೇಗ ಹೆಚ್ಚಿಸುತ್ತಲೇ ಹಿಂಭಾಗ ಜಾರಿ, ಗಾಡಿ ಅಡ್ಡ ತಿರುಗಿ ತಡೆಗೋಡೆಗೆ ಬಡಿಯಿತು. ಅವಳ ಮಣಿಕಟ್ಟು ಮುರಿಯಿತು.

"ನಂದೇ ತಪ್ಪು ರೀ. ಕಾಲು ಜೋರಾಗಿ ಒತ್ತಿಬಿಟ್ಟೆ."

"ಮತ್ತಿನ್ಯಾರದು? ನಿಧಾನ ಅಂತ ನೂರು ಸಲ ಹೇಳಿದ್ದೆ," ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ಶನಿವಾರದ ಭಜನೆಯಲ್ಲಿ "ನಮ್ಮನೆಯವಳಿಗೆ ರಸ್ತೆ ಸಾಲ್ಲಿಲ್ಲ, ಗೋಡೇನೂ ಬೇಕಾಯ್ತು" ಎಂದು ಎಲ್ಲರನ್ನೂ ನಗಿಸಿದೆ. ಕೈಗೆ ಕಟ್ಟು ಹಾಕಿಸಿಕೊಂಡು ಕೂತಿದ್ದ ಅವಳೂ ನಕ್ಕಳು.

ಗಾಡಿ ರಿಪೇರಿಯಾಗಿ ಬಂದ ಮೇಲೆ ಅದರ ಕೈಪಿಡಿಯನ್ನು ಮೊದಲ ಸಲ ಓದಿದೆ. ಒದ್ದೆ ರಸ್ತೆಯಲ್ಲಿ ಟ್ರ್ಯಾಕ್ಷನ್ ಆರಿಸಬೇಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ಮೂರು ವಾರ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅವಳು ಇನ್ನು ಗಾಡಿ ಮುಟ್ಟುವುದಿಲ್ಲ ಎಂದುಬಿಟ್ಟಿದ್ದಳು. ಕಟ್ಟು ಬಿಚ್ಚಿಸಿದ ದಿನ, ಓದಿದ್ದನ್ನು ಹೇಳಿದೆ.

ಅವಳು ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡಳು. "ಅಂದ್ರೆ, ನಿಮ್ಮ ಮಾತು ಕೇಳದೆ ಇದ್ದಿದ್ರೆ ಗಾಡಿ ಜಾರ್ತಿರ್ಲಿಲ್ಲ."

"ಬಹುಶಃ ಇಲ್ಲ."

"ನನಗೊಬ್ಬಳಿಗೇ ಹೇಳಿದ್ರೆ ಆಗಲ್ಲ. ಭಜನೇಲಿ ನಗಿಸಿದ್ರಲ್ಲ, ಅಲ್ಲೇ ಹೇಳಿ. ಆಮೇಲೆ ಓಡಿಸ್ತೀನಿ."

ಮುಂದಿನ ಶನಿವಾರ ಮಂಗಳಾರತಿಯಾದ ಮೇಲೆ ಎದ್ದು ನಿಂತೆ. "ಅವತ್ತು ಮಳೆ ಜೋರಿತ್ತು. ಇವಳ ತಪ್ಪೇನೂ ಇರಲಿಲ್ಲ," ಎಂದೆ. ಗುಂಡಿಯ ಮಾತು ಮಾತ್ರ ಎತ್ತಲಿಲ್ಲ.

"ಓಹೋ, ಸಾರ್ ಹೆಂಡ್ತಿ ಪರ ವಕಾಲತ್ತು ಶುರು ಮಾಡಿದ್ರು!" ಎಂದರು ಹಾಸನದವರು. ಮತ್ತೆ ನಗು. ನಾನು ಕೂತುಬಿಟ್ಟೆ. ಪ್ರಸಾದ ಹಂಚುತ್ತಿದ್ದ ಅವಳು ನನಗೂ ಒಂದು ದೊನ್ನೆ ಕೊಟ್ಟು, ಮುಖ ನೋಡದೆ ಮುಂದೆ ಹೋದಳು.

ಹೊರಗೆ ಬಂದು ಕೀ ಚಾಚಿದೆ. ಅವಳು ಅದನ್ನು ನೋಡಿದಳು. ಗಾಡಿ ಸುತ್ತಿ ಹೋಗಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.