ಗಣಿಯೂರಿನ ದನಿ, ಶೆಫೀಲ್ಡಿನ ಕ್ಲಬ್ಬು

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಬ್ರೂಮ್‌ಹಿಲ್ ಹತ್ತಿರದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ನಿರುಪಮಾ ಚಹಾದ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದಾರೆ. ನೀಲಿ ಅಂಗಿ, ಎತ್ತಿ ಕಟ್ಟಿದ ನರೆಗೂದಲು, ಸದ್ದಾಗದ ಬೂಟು. ಒಬ್ಬರಿಗೆ ಸಕ್ಕರೆ ಬೇಡ, ಇನ್ನೊಬ್ಬರಿಗೆ ಹಾಲು ಜಾಸ್ತಿ, ಮೂಲೆಯ ಅಜ್ಜನಿಗೆ ಬಿಸ್ಕತ್ತು ಅದ್ದಿ ಕೊಡಬೇಕು. ಎಲ್ಲ ಮುಗಿಸಿ ಖಾಲಿ ಟ್ರಾಲಿಯೊಂದಿಗೆ ಲಿಫ್ಟಿಗೆ ಹೊಕ್ಕ ಮೇಲೆ ಬಾಗಿಲು ಮುಚ್ಚುವುದನ್ನೇ ಕಾದು, ತುಟಿ ಬಿಚ್ಚದೆ ಒಂದು ಸ್ವರ ಹಿಡಿಯುತ್ತಾರೆ. ನೆಲಮಾಳಿಗೆಯ ಅಡುಗೆಮನೆ ಬರುವತನಕ ಅದು ಮುರಿಯಬಾರದು. ಇವತ್ತು ನಡುದಾರಿಯಲ್ಲೇ ಕರಕರ ಎನ್ನುತ್ತದೆ.

"ಇರಲಿ, ಬೆಳಗ್ಗೆ ಅಲ್ವಾ, ಅದಕ್ಕೂ ನಿದ್ದೆ," ಎಂದು ತಮ್ಮ ಕೊರಳನ್ನು ತಾವೇ ಸಮಾಧಾನ ಮಾಡುತ್ತಾರೆ.

ಮಧ್ಯಾಹ್ನ ಊರಂಚಿನ ಕಾರ್ಮಿಕರ ಕ್ಲಬ್ಬೊಂದರಲ್ಲಿ ಅವರ ಹಾಡಿದೆ. ಥೈರಾಯ್ಡ್ ಗಂಟಿನ ಆಪರೇಷನ್ ಆಗಿ ವರ್ಷದ ಮೇಲಾಯಿತು. ಅದಾದ ಮೇಲೆ ಇದೇ ಮೊದಲು. ಈ ಸೀಮೆಯ ಕ್ಲಬ್ಬುಗಳಲ್ಲಿ ಅವರು ಕಂಟ್ರಿ ಹಾಡುಗಾತಿ ಎಂದೇ ಹೆಸರುವಾಸಿ. ಕಂಟ್ರಿ ಎಂದರೆ ಅಮೆರಿಕದ ಹಳ್ಳಿಗಾಡಿನ ಹಾಡು. ಲಾರಿ ಓಡಿಸುವವನ ಒಂಟಿತನ, ಕೈಕೊಟ್ಟ ಗಂಡ, ತೀರಿಹೋದ ತಾಯಿ, ದೂರದ ರೈಲು, ಎಲ್ಲ ಅದರೊಳಗೆ ಬರುತ್ತವೆ. "ನಮ್ಮ ಬೀಸೋಕಲ್ಲಿನ ಪದ ಏನು ಹೇಳುತ್ತೋ ಇದೂ ಅದನ್ನೇ ಹೇಳೋದು. ಇದ್ರಲ್ಲಿ ರಾಗಿಹಿಟ್ಟು ಬೀಳಲ್ಲ, ಅಷ್ಟೇ," ಎಂದು ನಿರುಪಮಾ ನಗುತ್ತಾರೆ.

ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಲ್ಲಿ. ಅಪ್ಪ ಗಣಿಯ ಆಸ್ಪತ್ರೆಯಲ್ಲಿ ಕಾಂಪೌಂಡರ್. ಪಕ್ಕದ ಮನೆಯ ಡೊರೀನ್ ಆಂಟಿ ಆಂಗ್ಲೋ ಇಂಡಿಯನ್ ಹೆಂಗಸು. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಅವರ ಗ್ರಾಮಫೋನಿನಲ್ಲಿ ಕಂಟ್ರಿ ತಿರುಗುತ್ತಲೇ ಇರುತ್ತಿತ್ತು. "ಈ ಕಡೆ ಅಮ್ಮನ ದೇವರನಾಮ, ಆ ಕಡೆ ಆಂಟಿಯ ಗಿಟಾರು. ನಡುವೆ ಒಂದೇ ಇಟ್ಟಿಗೆಯ ಗೋಡೆ. ನಾನು ಗೋಡೆಗೆ ಕಿವಿ ಇಟ್ಟು ಬೆಳೆದವಳು. ಇಬ್ಬರೂ ಬೈದು ಬೈದು ಕಲಿಸಿದ್ರು. ಅವರ ಋಣ ದೊಡ್ಡದು."

ಮದುವೆಯಾಗಿ ಶೆಫೀಲ್ಡಿಗೆ ಬಂದರು. ಗಂಡ ಗೋಪಾಲ ಇಲ್ಲಿ ಬಸ್ ಡ್ರೈವರ್. ಆಸ್ಪತ್ರೆಯ ಯಾರದೋ ನಿವೃತ್ತಿಯ ಪಾರ್ಟಿಯಲ್ಲಿ ಹಾಡಿದ್ದೇ ನೆಪವಾಗಿ ಕ್ಲಬ್ಬಿನ ಬಾಗಿಲು ತೆರೆಯಿತು. ತೆರೆದ ಬಾಗಿಲು ಮೊದಲ ದಿನವೇ ಮೂಗಿಗೆ ಬಡಿದದ್ದೂ ಉಂಟು.

ಆ ಕಥೆ ತಿಳಿಯಬೇಕಾದರೆ ಕ್ಲಬ್ಬಿನ ಕಟ್ಟಳೆ ತಿಳಿಯಬೇಕು. ಇಲ್ಲಿ ಹಾಡು ಎರಡು ಭಾಗ, ನಡುವೆ ಬಿಂಗೊ. ಒಬ್ಬ ನಂಬರ್ ಕೂಗುತ್ತಾನೆ, ಮಿಕ್ಕವರು ತಮ್ಮ ಚೀಟಿಯಲ್ಲಿ ಅದನ್ನು ಹೊಡೆದುಹಾಕುತ್ತಾರೆ, ಚೀಟಿ ಮೊದಲು ಮುಗಿಸಿದವರಿಗೆ ಬಹುಮಾನ. ಹಾಡು ನಡೆಯುವಾಗ ಎಷ್ಟು ಬೇಕಾದರೂ ಹರಟಬಹುದು. ಬಿಂಗೊ ನಡೆಯುವಾಗ ಕೆಮ್ಮಿದರೂ ತಪ್ಪು. ಹಾಡು ರುಚಿಸದಿದ್ದರೆ ಕ್ಲಬ್ಬಿನ ಕಾರ್ಯದರ್ಶಿ ಆ ಬಿಂಗೊ ಹೊತ್ತಿನಲ್ಲೇ ಒಳಕೋಣೆಗೆ ಬಂದು, ಅರ್ಧ ಸಂಭಾವನೆ ಕೈಗಿಟ್ಟು "ಥ್ಯಾಂಕ್ಯೂ ಲವ್" ಎನ್ನುತ್ತಾನೆ. ಲವ್ ಎಂದರೆ ಈ ಸೀಮೆಯಲ್ಲಿ ನಮ್ಮ "ಅಮ್ಮಾ" ಇದ್ದ ಹಾಗೆ. ಜಗಳವಿಲ್ಲ, ಬೈಗುಳವಿಲ್ಲ. ಗಿಟಾರು ಎತ್ತಿಕೊಂಡು ಮನೆಗೆ ಹೊರಡಬೇಕು.

"ನನಗೇನು ಗೊತ್ತು? ಒಳಗಿಂದ ಬಂದು ನೋಡ್ತೀನಿ, ಹಾಲ್ ಪೂರ್ತಿ ಉಸಿರು ಹಿಡಿದು ಕೂತಿದೆ. ನಂಬರ್ ಕೂಗೋನು ಬಿಯರ್ ಗುಟುಕರಿಸೋಕೆ ನಿಲ್ಲಿಸಿದ್ದ. ಆಹಾ, ನಮ್ಮೂರ ರಾಮೋತ್ಸವದ ಕಚೇರಿ ಥರ ಎಷ್ಟು ಭಕ್ತಿ ಇವರಿಗೆ ಅಂದ್ಕೊಂಡು ಶುರು ಹಚ್ಚಿಬಿಟ್ಟೆ!"

"ಒಂದಜ್ಜಿಗೆ ಒಂದೇ ನಂಬರ್ ಬಾಕಿ ಇತ್ತಂತೆ," ಎಂದು ಗೋಪಾಲ ಬಾಯಿ ಹಾಕುತ್ತಾರೆ. "ಇವಳ ಗಲಾಟೆಯಲ್ಲಿ ಆಟವೇ ಕೆಟ್ಟುಹೋಯ್ತು. ಆಯಮ್ಮ ಇವತ್ತಿಗೂ ನನ್ನ ಬಸ್ ಹತ್ತಿದ್ರೆ ಮುಖ ತಿರುಗಿಸ್ತಾಳೆ."

"ರೀ, ಸುಮ್ನಿರಿ. ಮಸಾಲೆ ಹಾಕ್ಬೇಡಿ."

ಅವತ್ತು ಅರ್ಧಕ್ಕೇ ಮನೆಗೆ ಬಂದವರು ಮುಂದೆ ಎಂದೂ ಹಾಗೆ ಬಂದಿರಲಿಲ್ಲ. ವಾರವೆಲ್ಲ ಟ್ರಾಲಿ, ಭಾನುವಾರ ಗಿಟಾರು. ಲೀಡ್ಸಿನವರೆಗೂ ಹೋಗಿ ಹಾಡಿದರು. ಮುಗಿಲಿಗೆ ಹಾರುವಂಥ ಅವರ ಮೇಲಿನ ಸ್ವರಕ್ಕೇ ಜನ ಬರುತ್ತಿದ್ದರು.

ಆಪರೇಷನ್ ಆದ ಮೇಲೆ ಅದೇ ಹೋಯಿತು. ಯಾರ ತಪ್ಪೂ ಅಲ್ಲ. ದನಿಯ ನರ ಗಂಟಿಗೆ ಅಂಟಿಕೊಂಡಿತ್ತು. ಗಂಟು ಹೊರಬಂತು, ನರ ಸೋತಿತು. "ಚಹಾ ಬೇಕಾ ಅಂತ ಕೇಳೋಕೂ ಆಗ್ತಿರಲಿಲ್ಲ. ಕೆಟಲ್ ಎತ್ತಿ ತೋರಿಸ್ತಿದ್ದೆ, ಅವರು ತಲೆ ಆಡಿಸ್ತಿದ್ರು. ರೋಗಿಗಳೇ ನನ್ನನ್ನ ಸಂಭಾಳಿಸಿದ್ರು."

"ಮನೇಲಿ ಶಾಂತಿ ಅಂತ ಮೊದಲು ಖುಷಿಪಟ್ಟೆ," ಎನ್ನುತ್ತಾರೆ ಗೋಪಾಲ. "ಆಮೇಲೆ ಆ ಶಾಂತಿ ಕಚ್ಚೋಕೆ ಶುರುವಾಯ್ತು," ಎಂದು ಸೇರಿಸುತ್ತಾರೆ.

ಕೈಹಿಡಿದವಳು ಉಮೈಮಾ. ದನಿ ಮರಳಿ ಬರಲು ಅಭ್ಯಾಸ ಮಾಡಿಸುವ ಥೆರಪಿಸ್ಟ್, ವಿಜಯಪುರದ ಹುಡುಗಿ. ಮನೆಯಲ್ಲಿ ದಖನಿ ಉರ್ದು. ಫೈಲಿನಲ್ಲಿ ಕೋಲಾರ ಎಂದು ಕಂಡದ್ದೇ ತಡ, ಕನ್ನಡಕ್ಕೆ ಹೊರಳಿದಳಂತೆ. ಲೋಟದ ನೀರಿಗೆ ಸ್ಟ್ರಾ ಇಳಿಬಿಟ್ಟು ಗುಳುಗುಳು ಎನಿಸುತ್ತ ಗುನುಗಬೇಕು. ಇದೇ ಅಭ್ಯಾಸ, ತಿಂಗಳುಗಟ್ಟಲೆ. "ಆಂಟಿ, ಹೋದ ಸ್ವರದ ಹಿಂದೆ ಓಡ್ಬೇಡಿ. ಉಳಿದಿದ್ದಕ್ಕೆ ಊಟ ಹಾಕಿ, ಬೆಳೆಯುತ್ತೆ," ಎಂದು ಗದರಿದ್ದಳು. ಈಗ ಈದ್ ದಿನ ಆ ಮನೆಯ ಶೀರ್‌ಖುರ್ಮಾ ಇಲ್ಲಿಗೆ, ಯುಗಾದಿಯ ಒಬ್ಬಟ್ಟು ಅಲ್ಲಿಗೆ. "ಹೆತ್ತ ಮಗಳಾದ್ರೂ ಅಷ್ಟು ತಾಳ್ಮೆಯಿಂದ ಕೂರ್ತಿರಲಿಲ್ಲ," ಎನ್ನುವಾಗ ನಿರುಪಮಾ ಅವರ ಕಣ್ಣು ತುಂಬುತ್ತದೆ.

ಊಟ ಬೆಳೆಸಿದ್ದು ಬೇರೆಯೇ ದನಿಯನ್ನು. ಕೆಳಗಿನದು, ಸ್ವಲ್ಪ ಒರಟು, ತೊಳೆದ ಕಂಬಳಿಯ ಹಾಗೆ. ಇದನ್ನು ಜನ ಒಪ್ಪುತ್ತಾರೋ ಇಲ್ಲವೋ ಎನ್ನುವುದೇ ಇವತ್ತಿನ ಪ್ರಶ್ನೆ. ಕ್ಲಬ್ಬಿನ ಕಾರ್ಯದರ್ಶಿ ಟ್ರೆವರ್ ಹಿಂದೆ ಕಲ್ಲಿದ್ದಲು ಗಣಿಯಲ್ಲಿದ್ದವರು, ಹಳೆಯ ಸ್ನೇಹಿತರು, ಆದರೂ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಾರೆ: "ಸ್ನೇಹ ಬೇರೆ, ಸ್ಟೇಜು ಬೇರೆ, ಲವ್."

ಮಧ್ಯಾಹ್ನದ ಹಾಲ್ ತುಂಬಿದೆ. ದನವನ್ನು ಹಾಲಿನ ಡಬ್ಬದ ಮೇಲಷ್ಟೇ ಕಂಡಿರುವ ಅಜ್ಜಂದಿರು ಅಮೆರಿಕದ ದನಗಾಹಿಗಳ ಅಗಲಂಚಿನ ಟೋಪಿ ಹಾಕಿಕೊಂಡು ಕೂತಿದ್ದಾರೆ. ನಿರುಪಮಾ ಹಾಡುತ್ತಾರೆ. ಮೊದಲು ಹಾರುತ್ತಿದ್ದಲ್ಲಿ ಈಗ ಇಳಿಯುತ್ತಾರೆ. ಒಂದೆಡೆ ದನಿ ಒಡೆದು, ಮತ್ತೆ ಕೂಡಿಕೊಳ್ಳುತ್ತದೆ. ಚಪ್ಪಾಳೆ ಬಿದ್ದರೂ ಅದರಲ್ಲಿ ಏನನ್ನೂ ಓದಲಾಗುವುದಿಲ್ಲ. ಹಿಂದಿನ ಮೇಜಿನ ಹೆಂಗಸರು ಮಾತ್ರ ತಲೆಗೆ ತಲೆ ಕೂಡಿಸಿ ಏನೋ ಗುಸುಗುಸು ನಡೆಸಿದ್ದಾರೆ.

ಬಿಂಗೊ ಶುರುವಾಗುತ್ತದೆ. ಒಳಕೋಣೆಯಲ್ಲಿ ಬಿಯರ್ ಕ್ರೇಟಿನ ಮೇಲೆ ನಿರುಪಮಾ ಕೈಕಟ್ಟಿ ಕೂತಿದ್ದಾರೆ. ಗೋಪಾಲ ಪಿಸುಗುಡುತ್ತಾರೆ: "ಏನೇ, ಗಿಟಾರು ಪೆಟ್ಟಿಗೆಗೆ ಹಾಕ್ಲಾ?"

"ಮುಟ್ಟಿ ನೋಡಿ, ಕೈ ಮುರೀತೀನಿ."

ಹೆಜ್ಜೆಯ ಸದ್ದು. ಬಾಗಿಲಲ್ಲಿ ಟ್ರೆವರ್, ಎರಡೂ ಕೈ ಜೇಬಿನಲ್ಲಿ. ನಿರುಪಮಾ ಆ ಜೇಬನ್ನೇ ನೋಡುತ್ತಾರೆ.

"ಮೊದಲಿಗಿಂತ ಕೆಳಗೆ ಹಾಡ್ತಿದ್ದೀಯ," ಎನ್ನುತ್ತಾರೆ ಟ್ರೆವರ್.

"ಹೌದು. ಮೇಲೆ ಹೋಗಲ್ಲ ಈಗ."

"ಹಿಂದಿನ ಮೇಜಿನ ಹೆಂಗಸರು ಹೇಳಿಕಳಿಸಿದ್ದಾರೆ. ಇಷ್ಟು ವರ್ಷ ನಿನ್ನ ಜೊತೆ ಹಾಡೋಕೆ ಹೋಗಿ ಅವರಿಗೆ ಎಟುಕ್ತಾನೇ ಇರಲಿಲ್ಲವಂತೆ. ಇವತ್ತು ಎಟುಕಿತಂತೆ. ಉಳಿದರ್ಧವೂ ಇದೇ ಮಟ್ಟದಲ್ಲಿ ಇರಲಿ." ಖಾಲಿ ಕೈಯನ್ನೇ ಜೇಬಿನಿಂದ ತೆಗೆದು ಬಾಗಿಲು ಹಿಡಿದು, ಮತ್ತೆ ತಿರುಗುತ್ತಾರೆ. "ಜೂನ್ ಕೊನೆಯ ಭಾನುವಾರವೂ ನಮಗೇ ಇಟ್ಟುಕೋ."

ಗೋಪಾಲ ಮೂಗು ಒರೆಸಿಕೊಂಡು, ಇಲ್ಲಿ ಬಹಳ ಧೂಳು ಎನ್ನುತ್ತಾರೆ.

ಎರಡನೆಯ ಅರ್ಧದಲ್ಲಿ ನಿರುಪಮಾ ಇಲ್ಲಿ ಹಿಂದೆ ಎಷ್ಟೋ ಸಲ ಹಾಡಿದ, ತಾವೇ ಇಂಗ್ಲಿಷಿನಲ್ಲಿ ಕಟ್ಟಿದ ಹಾಡೆತ್ತುತ್ತಾರೆ. ಗಣಿಯಲ್ಲಿ ಅವಘಡವಾಗಿ ಸೈರನ್ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಬೀದಿಯ ಹೆಂಗಸರೆಲ್ಲ ಹೊಸ್ತಿಲಿಗೆ ಬಂದು ನಿಲ್ಲುವ ಹಾಡು. ಕೋಲಾರ ಎಲ್ಲಿದೆಯೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ, ಆದರೆ ಇದೂ ಕಲ್ಲಿದ್ದಲು ಗಣಿಯ ಸೀಮೆ, ಸೈರನ್ ಗೊತ್ತು. ಹಿಂದಿನ ಮೇಜು ದನಿಗೂಡಿಸುತ್ತದೆ, ಆಮೇಲೆ ಟೋಪಿಯ ಅಜ್ಜಂದಿರು. ನಿರುಪಮಾ ಒಂದು ಸಾಲನ್ನು ಪೂರ್ತಿ ಅವರಿಗೇ ಬಿಟ್ಟುಕೊಟ್ಟು, ಗಿಟಾರು ನುಡಿಸುತ್ತ ಕೇಳಿಸಿಕೊಳ್ಳುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಅವರು ಯೋಚಿಸುವುದೇ ಇಲ್ಲ. "ಜೂನಿನ ಆ ಭಾನುವಾರ ಆಸ್ಪತ್ರೆ ಡ್ಯೂಟಿ ಪಟ್ಟೀಲಿ ನನಗೆ ಮಧ್ಯಾಹ್ನದ ಪಾಳಿ ಬಿದ್ದಿದೆ. ಯಾರಾದ್ರೂ ಬದಲಾಯಿಸ್ಕೊಂಡ್ರೆ ಸಾಕು, ಬೇರೇನೂ ಬೇಡ. ನಾಳೆ ಹೋದ ತಕ್ಷಣ ಕೇಳ್ತೀನಿ." ಕೊರಳ ಗಾಯದ ಗೆರೆಯ ಮೇಲೆ ಬೆರಳಾಡಿಸಿ ನಗುತ್ತಾರೆ. "ಬಾಯಿಬಿಟ್ಟು ಕೇಳೋಕೆ ದನಿ ಇದೆಯಲ್ಲ."