ಜಪಾನಿಯ ಜಳಕ

ಆ ಸೋಮವಾರ ಬೆಳಿಗ್ಗೆಯೂ ನಾನು ಎಂದಿನಂತೆ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದ ಒಲೆಯ ಮೇಲೆ ಬದನೆಕಾಯಿ ಬೇಯುತ್ತಿತ್ತು. ನಮ್ಮವರು ನಿಂತುಕೊಂಡೇ ನಾಲ್ಕು ತುತ್ತು ತಿಂದು, ಟ್ರ್ಯಾಕ್ಟರಿನಿಂದ ಬಿಚ್ಚಿದ, ಕೆಟ್ಟುಹೋದ ವಾಟರ್ ಪಂಪನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡರು. ನಾನು ಸಂತೆಗೆ ಒಯ್ಯುವ ಚೀಲ ಅದು.

“ರಾಮದುರ್ಗಕ್ಕ ಹೋಗಿ ಬರತೇನಿ. ಇಂಥಾ ಪಂಪ ಅಲ್ಲೂ ಸಿಗಲಿಲ್ಲಂದ್ರ ಈ ಸಲ ಕಡ್ಲಿ ಆಸೆ ಬಿಡೂದ” ಎಂದು ಬೈಕು ಹತ್ತಿದರು.

ಸಂಪಗಾಂವ ಹಾದಿಯ ನಮ್ಮ ಎರೆಹೊಲ ಬಿತ್ತನೆಯ ಹದಕ್ಕೆ ಬಂದಿತ್ತು. ಆ ಹಸಿ ಆರುವುದರೊಳಗೆ ಕಡಲೆ ಮಣ್ಣಿಗೆ ಬೀಳಬೇಕು. ಊರಿನ ಬಾಡಿಗೆ ಟ್ರ್ಯಾಕ್ಟರುಗಳಿಗೆಲ್ಲ ನಮಗಿಂತ ಮೊದಲೇ ಹೇಳಿಟ್ಟವರಿದ್ದರು. ಬೀಜದ ಚೀಲಗಳು ಪಡಸಾಲೆಯಲ್ಲಿ ಕುಳಿತಿದ್ದವು, ಬೇಗ ಎದ್ದು ಹೋಗದ ನೆಂಟರ ಹಾಗೆ.

ನಮ್ಮದು ಜಪಾನಿನಲ್ಲಿ ಯಾರೋ ಬಳಸಿ ಬಿಟ್ಟ ಸಣ್ಣ ಟ್ರ್ಯಾಕ್ಟರು. ಕೊಲ್ಲಾಪುರದ ಕಡೆಯ ವ್ಯಾಪಾರಿಯೊಬ್ಬನ ಕೈಯಿಂದ ಬೈಲಹೊಂಗಲದ ನಮ್ಮ ಅಂಗಳಕ್ಕೆ ಬಂತು. ಮನೆಯಲ್ಲಿ ಎಲ್ಲರಿಗೂ ಅದು ‘ಜಪಾನಿ’. ಗೇರಿನ ಬಳಿಯ ಅಕ್ಷರಗಳನ್ನು ನಾವಾರೂ ಓದಲಾರೆವು. ಮೊಲದ ಚಿತ್ರದ ಕಡೆ ಜೋರು, ಆಮೆಯ ಕಡೆ ನಿಧಾನ, ಅಷ್ಟು ಗೊತ್ತಿದ್ದರೆ ಸಾಕಾಗಿತ್ತು. ಮಾರುವ ಮುಂಚೆ ಹೊಸ ಬಣ್ಣ ಬಳಿದಿದ್ದರಿಂದ ಮಾಡೆಲ್ಲಿನ ಹೆಸರು ಮುಚ್ಚಿಹೋಗಿತ್ತು. ಕಿತ್ತೂರಿನಲ್ಲೂ ಸವದತ್ತಿಯಲ್ಲೂ ಅಂಗಡಿಯವರದು ಒಂದೇ ಮಾತು: “ನೋಡಾಕ ಎಲ್ಲಾ ಒಂದ ನಮೂನಿ ಇರತಾವ್ರಿ. ಇಂಜಿನ್ ನಂಬರ್ ತರ್ರಿ. ಇಂಜಿನ್ ಬಗಲಿಗೆ ನಂಬರಿನ ತಗಡ ಇರತೈತಿ.” ನಮ್ಮವರು ಬ್ಯಾಟರಿ ಹಿಡಿದು ಇಂಜಿನ್ನಿನ ಅಡಿಗೆಲ್ಲ ಮಲಗಿ ಹುಡುಕಿದ್ದರು. ತಗಡು ಇರಲಿಲ್ಲ.

ಅವರು ಹೋದ ಮೇಲೆ ಅತ್ತೆ ಪೂಜೆಯ ತಟ್ಟೆ ಹಿಡಿದು ಅಂಗಳಕ್ಕೆ ಬಂದರು. ನಮ್ಮಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅದು ಬಸವಣ್ಣನ ವಾರ. ಎತ್ತು ಮಾರಿ ಟ್ರ್ಯಾಕ್ಟರು ತಂದರೂ ಅತ್ತೆ ಆ ರಜೆಯನ್ನು ಮಾರಲಿಲ್ಲ. ಸೋಮವಾರ ಜಪಾನಿಗೂ ವಿಶ್ರಾಂತಿ, ಜೊತೆಗೆ ಹಣೆಗೆ ವಿಭೂತಿ, ಕುಂಕುಮ. ಹಣೆ ಎಂದರೆ ಇಂಜಿನ್ನಿನ ಮಗ್ಗುಲಲ್ಲಿ ಅಂಗೈಯಷ್ಟಗಲದ ಒಂದು ಚಪ್ಪಟೆ ಜಾಗ. ಅಲ್ಲಿ ಪಟ್ಟಿಗಳು ನೇರವಾಗಿ ಮೂಡುತ್ತವೆಂದು ಬಂದ ದಿನವೇ ಅವರು ಆರಿಸಿದ್ದರು.

ಅವತ್ತು ಚಹಾದ ಕಪ್ಪು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರ ಮೂರು ಬೆರಳು ಎಳೆದುಕೊಂಡು ಹೋದಾಗ, ಮೂಲೆಯಲ್ಲೊಂದು ಗುಂಡಗಿನ ಉಬ್ಬು ಕಂಡಿತು, ರಿವೆಟ್ಟಿನ ತಲೆ. ಎದುರಿನ ಮೂಲೆಯಲ್ಲೂ ಅಂಥದೇ. ನಾನು ಕಲಿತ ಕಾನ್ವೆಂಟಿನ ಯೂನಿಫಾರ್ಮಿನ ಒತ್ತುಗುಂಡಿಗಳಷ್ಟೇ ಸಣ್ಣವು.

“ಅತ್ತಿ, ಇದ ತಗಡರಿ! ಒರಸಿ ನೋಡೋಣು?”

ಅತ್ತೆಯ ಕೈ ಹಾಗೇ ನಿಂತಿತು. “ಹಣಿ ಮ್ಯಾಲಿನ ಕುಂಕುಮ ಒರಸತಾರೇನವಾ? ಬಿಡ್ತು ಅನ್ನು.”

“ನಂಬರ್ ಅದರ ಕೆಳಗ ಐತಿ, ಅತ್ತಿ.”

ಅವರು ಬಾಗಿಲಿನಾಚೆ ಕಾಣುತ್ತಿದ್ದ ಬೀಜದ ಚೀಲಗಳನ್ನು ನೋಡಿದರು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. “ಒರಸೂದು ಬ್ಯಾಡ. ಜಳಕಾ ಮಾಡಸೂಣು. ಜಳಕದಾಗ ಹೋದ್ರ ಅದು ಒರಸಿದಂಗ ಅಲ್ಲ. ನೀ ನೀರ ಕಾಸು.”

ಹಂಡೆಯ ಬಿಸಿನೀರು, ಸೀಗೆಕಾಯಿ ಪುಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು. ಬರೀ ಹಣೆ ತೊಳೆದರೆ ಜಳಕವಾಗುವುದಿಲ್ಲವೆಂದು ಅತ್ತೆ ಚಕ್ರದಿಂದ ಸೀಟಿನವರೆಗೆ ಎಲ್ಲವನ್ನೂ ತಿಕ್ಕಿಸಿದರು. “ಕಿವಿ ಹಿಂದ ತಿಕ್ಕು” ಎಂದು ಕನ್ನಡಿ ತೋರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದ ವಿಭೂತಿ ಹೆಕ್ಕಳಿಕೆಯಾಗಿ ಎದ್ದುಬಂತು. ಅಡಿಯಲ್ಲಿ ಓದಲಾಗದ ಒಂದು ಸಾಲು, ಅದರ ಕೆಳಗೆ ಓದಲಾಗುವ ಅಂಕಿಗಳು.

ನಮ್ಮವರಿಗೆ ಫೋಟೊ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರ ಫೋನು ಬಂತು.

“ಎಲ್ಲಿತ್ತ ಇದು?”

“ನಿಮ್ಮ ಅವ್ವಾರ ಪ್ರತಿ ಸೋಮವಾರ ಕೈ ಮುಗಿಯೂ ಜಾಗಾದಾಗ.”

ಆ ಕಡೆಯಿಂದ ನಗು. ರಾಮದುರ್ಗದ ಅಂಗಡಿಯಲ್ಲಿ ಆ ನಂಬರಿನ ಪಂಪು ಇರಲಿಲ್ಲ. ಆದರೆ ಬರುವಾಗ ಸವದತ್ತಿಯಲ್ಲಿ ನಂಬರು ತೋರಿಸಿದ್ದಕ್ಕೆ ಅಂಗಡಿಯವರು, ಬಿಚ್ಚಿ ಹಾಕಿದ್ದ ಇನ್ನೊಂದು ಜಪಾನಿ ಟ್ರ್ಯಾಕ್ಟರಿನ ಪಂಪನ್ನು ಹುಡುಕಿಕೊಟ್ಟರು.

ಇಳಿಹೊತ್ತಿಗೆ ಟ್ರ್ಯಾಕ್ಟರಿನ ಮೇಸ್ತ್ರಿ ಬಂದು ಪಂಪು ಕೂರಿಸಿದ. ಚಾಲೂ ಮಾಡಿದಾಗ ನಾವೆಲ್ಲ ಇಂಜಿನ್ನಿನ ಕೆಳಗೆ ಬಾಗಿ ನೋಡಿದೆವು, ಒಂದು ಹನಿಯೂ ಸೋರಲಿಲ್ಲ. ನಮ್ಮವರು ಒಳಗೆ ಹೋಗಿ, ಬೀಜದ ಚೀಲಗಳನ್ನು ಒಂದೊಂದಾಗಿ ಹೊತ್ತು ತಂದು ಕಟ್ಟೆಯ ಮೇಲೆ ಇಟ್ಟರು.

ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತ ಗೋಡೆಯ ಮೇಲಿಂದ ಇಣುಕಿದರು. ಫಳಫಳ ಹೊಳೆಯುತ್ತಿದ್ದ ಜಪಾನಿಯನ್ನು ಒಮ್ಮೆ ನೋಡಿ, “ಇಷ್ಟ್ಯಾಕ ತಿಕ್ಕೀರಿ ಅಕ್ಕಾರ, ನಾಳೆ ಮತ್ತ ಎರಿಮಣ್ಣ ಮೈತುಂಬ ಬಡಕೊಂಡ ಬರತೈತಿ” ಎಂದು ಬಟ್ಟೆಯ ರಾಶಿ ಹೊತ್ತು ಒಳಗೆ ಹೋದರು.